ಪ್ಲ್ಯಾನ್ ಆಮೇಲೆ, ಮೊದಲು ಮಕ್ಕಳು ಎಲ್ಲಿ ಕೂತ್ಕೋತಾರೆ ನೋಡಿ: ಊರ ಶಾಲೆ ಕಟ್ಟಡವನ್ನ ಇವತ್ತಿನ ಕಲಿಕೆಗೆ ಹೊಂದಿಸೋ ಸಮಗ್ರ ಮಾರ್ಗದರ್ಶಿ

ನಮ್ಮೂರು ತಿಪಟೂರು ಕಡೆ. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಎರಡು ಹೊಸ ಕೊಠಡಿ ಸ್ಯಾಂಕ್ಷನ್ ಆದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಫೋನ್ ಮಾಡಿ "ಬೆಂಗಳೂರಲ್ಲಿ ಬಿಲ್ಡಿಂಗ್ ಕಟ್ತೀಯಲ್ಲಪ್ಪ, ಬಂದು ಒಂದ್ಸಲ ನೋಡು" ಅಂದ್ರು. ಹೋದೆ. ಪ್ಲ್ಯಾನ್ ನೋಡಿದ್ರೆ ನಾನು ಓದುವಾಗ ಇದ್ದ ಅದೇ ಉದ್ದ ಡಬ್ಬಿ, ಒಂದು ತುದೀಲಿ ಬೋರ್ಡು, ಎದುರಿಗೆ ಸಾಲು. ಪಕ್ಕದ ಹಳೇ ಕೊಠಡಿ ಒಳಗೆ ಇಣುಕಿದ್ರೆ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಐದು ವೃತ್ತ ಮಾಡ್ಕೊಂಡು ಕಾರ್ಡ್ ಹಿಡ್ಕೊಂಡು ಕೂತಿದ್ದಾರೆ, ಟೀಚರ್ ಬೋರ್ಡ್ ಹತ್ರ ಇಲ್ಲವೇ ಇಲ್ಲ, ಒಂದು ವೃತ್ತದ ಮಧ್ಯ ಮಂಡಿ ಊರಿ ಕೂತಿದ್ದಾರೆ. ಅಂದ್ರೆ ಪಾಠ ಬದಲಾಗಿದೆ, ಕೊಠಡಿ ಬದಲಾಗಿಲ್ಲ.

ಹೀಗೆ ಮೂರು ಕ್ಲಾಸಿನ ಮಕ್ಕಳು ಒಟ್ಟಿಗೆ ಗುಂಪಲ್ಲಿ ಕೂತು ಕಾರ್ಡ್ ಹಿಡಿದು ಕಲಿಯೋ ಪದ್ಧತಿಗೆ ನಲಿ ಕಲಿ ಅಂತ ಹೆಸರು. ಅದು ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ, ಯುನಿಸೆಫ್ ಬೆಂಬಲದಲ್ಲಿ. ಮದನಪಲ್ಲಿ ಹತ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದ ನಮ್ಮ ಮೇಷ್ಟ್ರುಗಳು ಇಲ್ಲಿಗೆ ಹೊಂದಿಸಿದ್ದು ಅದು. 2009-10ರಲ್ಲಿ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಇಷ್ಟು ವರ್ಷ ಆದ್ಮೇಲೂ ಹೊಸ ಕೊಠಡಿ ಕಟ್ಟೋವಾಗ ಸಾಲಿನ ಕೊಠಡೀನೇ ಕಟ್ತಿದೀವಲ್ಲ ಅನ್ನೋದೇ ನನ್ನ ತಕರಾರು. ಹೊಸದು ಕಟ್ಟೋರಿಗೂ ಹಳೇದನ್ನ ರಿಪೇರಿ ಮಾಡೋರಿಗೂ ಆಗೋ ಹಾಗೆ ನಾವು ಮಾಡಿದ ಕ್ರಮದಲ್ಲೇ ಬರೀತೀನಿ, ಎಡವಿದ್ದೂ ಸೇರಿಸಿ.

ಹೆಜ್ಜೆ 1: ಒಂದು ವಾರ ಸುಮ್ನೆ ಕೂತು ನೋಡಿ

ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ. ಕೊಠಡಿಯ ಒಂದು ಕಚ್ಚಾ ನಕ್ಷೆ ಬರ್ಕೊಂಡು ಹತ್ತು ಜೆರಾಕ್ಸ್ ಮಾಡಿಸ್ಕೊಳ್ಳಿ, ಮೂಲೇಲಿ ಕೂತ್ಕೊಳ್ಳಿ, ಕಾಲು ಗಂಟೆಗೊಂದ್ಸಲ ಮಕ್ಕಳು ಎಲ್ಲೆಲ್ಲಿ ಇದ್ದಾರೋ ಅಲ್ಲಲ್ಲಿ ಚುಕ್ಕಿ ಇಡಿ. ಮೊದಲ ದಿನ ಎಲ್ಲರೂ ನಿಮ್ಮನ್ನೇ ನೋಡ್ತಾರೆ, ಯಾರೋ ಇನ್‌ಸ್ಪೆಕ್ಷನ್‌ಗೆ ಬಂದಿದ್ದಾರೆ ಅನ್ಕೊಂಡು ಕೈಕಟ್ಟಿ ಕೂತಿರ್ತಾರೆ, ಆ ದಿನದ ಲೆಕ್ಕ ಬಿಡಿ. ಮೂರನೇ ದಿನದಿಂದ ನೀವು ಬೀರು ಥರ ಆಗೋಗ್ತೀರ.

ನಾನು ನಾಲ್ಕನೇ ದಿನ ಕಂಡಿದ್ದು ಹೇಳ್ತೀನಿ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ, ಒಂದನೇ ಕ್ಲಾಸಿನ ಇಬ್ಬರು ಪುಟಾಣಿಗಳನ್ನ ಕೈಹಿಡ್ಕೊಂಡು ಜಗಲಿಗೆ ಎಳ್ಕೊಂಡು ಹೋದ್ಲು, ಒಳಗೆ ಗಲಾಟೆ ಅಂತ. ಜಗಲಿಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ತುಂಡಲ್ಲಿ ದೊಡ್ಡದಾಗಿ ರ ಗ ಸ ದ ಅ ಬರೆದು, ಅದರ ಮೇಲೆ ಬೆರಳಾಡಿಸೋಕೆ ಹೇಳಿದ್ಲು, ಒಬ್ಬ ಗ ಮೇಲೆ ಕೂತೇ ಬಿಟ್ಟಿದ್ದ, ಅವನನ್ನ ಎತ್ತಿ ಪಕ್ಕಕ್ಕಿಟ್ಟು ಚಡ್ಡಿ ಒರೆಸಿ ಮತ್ತೆ ಗ ಬರೆದ್ಲು. ಇಪ್ಪತ್ತು ನಿಮಿಷ ಅಲ್ಲೇ ಪಾಠ ಆಯ್ತು. ಪ್ಲ್ಯಾನಿನಲ್ಲಿ ಆ ಜಾಗಕ್ಕೆ ಹೆಸರು ಬರೀ "ಪ್ಯಾಸೇಜ್", ಅಗಲ 4 ಅಡಿ.

ವಾರದ ಕೊನೆಗೆ ಎಲ್ಲಾ ಜೆರಾಕ್ಸ್ ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಚುಕ್ಕಿಗಳು ಕಿಟಕಿ ಕೆಳಗೆ, ಬಾಗಿಲ ಹತ್ರ, ಜಗಲೀಲಿ ಗುಡ್ಡೆ ಬಿದ್ದಿದ್ವು, ದೊಡ್ಡ ಬೋರ್ಡ್ ಮುಂದೆ ಹೆಚ್ಚುಕಮ್ಮಿ ಖಾಲಿ. ಅದೇ ನಿಮ್ಮ ಡಿಸೈನ್ ಬ್ರೀಫು. ಮೇಷ್ಟ್ರುಗಳ ಹತ್ರ "ಏನು ಬೇಕು" ಅಂತ ಕೇಳ್ಬೇಡಿ, ಫ್ಯಾನು, ಕಾಂಪೌಂಡು, ಟೈಲ್ಸು ಅಂತಾರೆ (ಅವೂ ಬೇಕು, ಇಲ್ಲ ಅಂದಿಲ್ಲ). "ದಿನದಲ್ಲಿ ಯಾವ ಹೊತ್ತು ನಿಮಗೆ ತಲೆಕೆಡತ್ತೆ, ಅದು ಎಲ್ಲಿ ಆಗತ್ತೆ" ಅಂತ ಕೇಳಿ. ಆಗ ಅಸಲಿ ವಿಷಯ ಹೊರಗೆ ಬರತ್ತೆ.

ಹೆಜ್ಜೆ 2: ಟೇಪ್ ಹಿಡೀರಿ, ಆದ್ರೆ ಮಕ್ಕಳ ಅಳತೇಲಿ

ಆರು ವರ್ಷದ ಮಗು ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ರೆ ಕಣ್ಣು ಇರೋದು ಹೆಚ್ಚುಕಮ್ಮಿ 2 ಅಡಿ ಎತ್ತರದಲ್ಲಿ. ನಮ್ಮ ಕಿಟಕಿಗಳ ಬುಡ ಶುರುವಾಗೋದು 3 ಅಡಿಗೆ. ಅಂದ್ರೆ ಆ ಮಗುವಿಗೆ ದಿನವಿಡೀ ಕಾಣೋದು ಗೋಡೆ, ಅದರ ಮೇಲೆ ಒಂಚೂರು ಆಕಾಶ. ನಂಬಿಕೆ ಇಲ್ಲ ಅಂದ್ರೆ ನೀವೇ ಫೋನ್ ಕ್ಯಾಮೆರಾನ 2 ಅಡಿ ಎತ್ತರದಲ್ಲಿ ಹಿಡಿದು ಕೊಠಡಿ ಪೂರ್ತಿ ಒಂದು ಸುತ್ತು ವಿಡಿಯೋ ಮಾಡಿ, ಸಭೇಲಿ ತೋರಿಸಿ. ನಮ್ಮ ಎಸ್‌ಡಿಎಂಸಿ ಸಭೇಲಿ ಈ ವಿಡಿಯೋ ಮಾಡಿದಷ್ಟು ಕೆಲಸ ನನ್ನ ಅರ್ಧ ಗಂಟೆ ಭಾಷಣ ಮಾಡ್ಲಿಲ್ಲ.

ಆಮೇಲೆ ವೃತ್ತದ ಲೆಕ್ಕ. ಆರು ಮಕ್ಕಳು ಸುತ್ತ ಕೂತು ಮಧ್ಯ ಕಾರ್ಡು ಹರಡಿದ್ರೆ ಬೆನ್ನಿಂದ ಬೆನ್ನಿಗೆ 7 ಅಡಿ ಬೇಕು. ಐದು ವೃತ್ತ ಅಂದ್ರೆ 30 ಮಕ್ಕಳು, ವೃತ್ತಗಳೇ ಸುಮಾರು 190 ಚದರ ಅಡಿ ತಿನ್ನತ್ತೆ, ಓಡಾಟಕ್ಕೆ, ಬೀರುಗೆ, ಚಪ್ಪಲಿ ಬ್ಯಾಗಿಗೆ ಇನ್ನೂ ಅಷ್ಟೇ ಜಾಗ. ನಮ್ಮ ಕೊಠಡಿ 18 ಅಡಿಗೆ 24, ಅಂದ್ರೆ 432 ಚದರ ಅಡಿ, 30 ಮಕ್ಕಳಿಗೆ ಸರಿಯಾಗಿ ಹಿಡಿಸತ್ತೆ, 40 ಆದ್ರೆ ವೃತ್ತ ಒಡೆದು ಮತ್ತೆ ಸಾಲಾಗತ್ತೆ. ಕೊಠಡಿ ತುಂಬಿದ್ರೆ ಯಾವ ಪದ್ಧತೀನೂ ಉಳಿಯಲ್ಲ, ತಾನಾಗೇ ಸಾಲಿಗೆ ಬರತ್ತೆ. ಹಂಗಾಗಿ ಹೊಸ ಕೊಠಡಿಗೆ ಅಳತೆ ಕೊಡೋವಾಗ ಉದ್ದ ಜಾಸ್ತಿ ಕೇಳೋ ಬದಲು ಚೌಕಾಕಾರ ಕೇಳಿ, ಉದ್ದ ಕೊಠಡೀಲಿ ವೃತ್ತ ಮಾಡಿದ್ರೆ ಪಕ್ಕದಲ್ಲಿ ಯಾತಕ್ಕೂ ಬಾರದ ಗಲ್ಲಿ ಉಳಿಯತ್ತೆ.

ಹೆಜ್ಜೆ 3: ನೆಲ ಮತ್ತು ಕೆಳಗಿನ 4 ಅಡಿ ಗೋಡೆ

ದುಡ್ಡು ಕಮ್ಮಿ ಇದ್ರೆ ಬೇರೆಲ್ಲಾ ಬಿಟ್ಟು ಇದೊಂದೇ ಮಾಡಿ.

ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಬೇಡ. ಫೋಟೋಗೆ ಚೆನ್ನಾಗಿರತ್ತೆ ಅಷ್ಟೇ, ಒದ್ದೆ ಕಾಲಲ್ಲಿ ಓಡೋ ಮಕ್ಕಳು ಜಾರಿ ಬೀಳ್ತಾರೆ, ಚಳಿಗಾಲದ ಬೆಳಗ್ಗೆ ಕೂತ್ರೆ ಮಂಜುಗಡ್ಡೆ. ರೆಡ್ ಆಕ್ಸೈಡ್ ಗಾರೆ ಹಾಕೋ ಮೇಸ್ತ್ರಿ ಸಿಕ್ಕಿದ್ರೆ ಅದೇ ಬೆಸ್ಟು, ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಕೈಗೇ ಸಿಗತ್ತೆ. ಮೇಲೆ ನಾರಿನ ಚಾಪೆ. ತಿಪಟೂರು ಅರಸೀಕೆರೆ ಕಡೆ ತೆಂಗಿನ ನಾರಿಗೆ ಏನು ಬರ, ಆದ್ರೂ ಶಾಲೆಗಳಲ್ಲಿ ಪ್ಲಾಸ್ಟಿಕ್ ಜಮಖಾನ, ಅದ್ಯಾಕೋ ಗೊತ್ತಿಲ್ಲ.

ನೆಲ ಹಸಿ ಇರುವಾಗಲೇ ಆಟದ ಮನೆಗಳನ್ನ ಗೀರಿಸಿಬಿಡಿ. ಚೌಕಾಬಾರ, ಕುಂಟೆಬಿಲ್ಲೆ, ಆಡು ಹುಲಿ. ಇದೇನು ಹೊಸದಲ್ಲ, ಹಳೇ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಹುಲಿ ಮನೆ ಕೆತ್ತಿರೋದು ನೀವೂ ನೋಡಿರ್ತೀರ. ಬಾಗಿಲ ಕೆಳಗೆ ನೆಲದ ಮೇಲೆ ಕೋನಮಾಪಕ ಬರೆಸಿದ್ರೆ ಬಾಗಿಲು ತೆಗೆದಷ್ಟೂ ಡಿಗ್ರಿ ಗೊತ್ತಾಗತ್ತೆ. ಕಟ್ಟಡಾನೇ ಪಾಠೋಪಕರಣ ಮಾಡೋ ಈ ಐಡಿಯಾಗಳಿಗೆ ದೇಶದಲ್ಲಿ ಬಾಲಾ (ಬಿಲ್ಡಿಂಗ್ ಆ್ಯಸ್ ಲರ್ನಿಂಗ್ ಏಡ್) ಅಂತ ಹೆಸರು, ಕಬೀರ್ ವಾಜಪೇಯಿ ಅನ್ನೋ ಆರ್ಕಿಟೆಕ್ಟು ತಮ್ಮ ವಿನ್ಯಾಸ್ ಸಂಸ್ಥೆ ಮೂಲಕ ಯುನಿಸೆಫ್ ಜೊತೆ ಸೇರಿ ಬೆಳೆಸಿದ್ದು. ಒಂದೇ ಮಾತು, ಬಾಲಾ ಹೆಸರಲ್ಲಿ ನಮ್ಮಲ್ಲಿ ಆಗೋದು ಬಹಳ ಕಡೆ ಬರೀ ಪೇಂಟಿಂಗ್ ಕಾಂಟ್ರ್ಯಾಕ್ಟು. ಕರ್ನಾಟಕದ ನಕ್ಷೆ, ರಾಷ್ಟ್ರಪಕ್ಷಿ, ರೈಲು ಬೋಗಿ ಥರ ಕೊಠಡಿ. ರೈಲು ಬೋಗಿ ಚೆಂದಾನೇ, ಮಕ್ಕಳು ಒಂದು ವಾರ ಖುಷಿ ಪಡ್ತಾರೆ, ಆಮೇಲೆ ಅದು ಗೋಡೆ ಅಷ್ಟೇ. ಮಗು ಮುಟ್ಟಿ ತಿರುಗಿಸಿ ಅಳೆಯೋ ಹಾಗಿದ್ರೆ ಮಾತ್ರ ಅದು ಪಾಠೋಪಕರಣ.

ಗೋಡೆ ಮೇಲಿನ ಕರಿಹಲಗೆ ಪಟ್ಟಿ ಕೊಠಡಿ ಸುತ್ತ, ಒಂದೂವರೆ ಅಡಿಯಿಂದ 4 ಅಡಿವರೆಗೆ, ಪ್ರತಿ ಮಗುವಿಗೂ 2 ಅಡಿಯಷ್ಟು ಅಗಲದ ಸ್ವಂತ ಜಾಗ, ಮೇಲೆ ಹೆಸರು. ಇಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ಪ್ಲಾಸ್ಟರ್ ಸರಿ ಉಜ್ಜಿಸದೆ, ಅಂಗಡೀಲಿ ಇದ್ದ ಹೊಳೆಯೋ ಕಪ್ಪು ಎನಾಮೆಲ್ ಪೇಂಟನ್ನೇ ಎರಡು ಕೋಟ್ ಹೊಡೆಸಿದೆ. ನೋಡೋಕೆ ಕನ್ನಡಿ. ಸೀಮೆಸುಣ್ಣ ಜಾರತ್ತೆ, ಅಕ್ಷರ ಮೂಡಲ್ಲ, ಬೆಳಕು ಬಿದ್ರೆ ಕಣ್ಣಿಗೆ ಹೊಡೆಯತ್ತೆ. ಎಲ್ಲಾ ಮರಳು ಕಾಗದದಲ್ಲಿ ಉಜ್ಜಿಸಿ, ಬ್ಲಾಕ್‌ಬೋರ್ಡ್ ಪೇಂಟ್ ಅಂತಲೇ ಸಿಗತ್ತಲ್ಲ ಮ್ಯಾಟ್ ಇರೋದು, ಅದನ್ನ ಮತ್ತೆ ಹೊಡೆಸಬೇಕಾಯ್ತು. ಕೂಲಿ ನನ್ನ ಜೇಬಿಂದ.

ಹಾಗೇ ಕಬ್ಬಿಣದ ಬೀರು. ಕಾರ್ಡುಗಳು ಬೀಗದೊಳಗೆ ಇದ್ರೆ ಮಗು ತಾನಾಗಿ ಕಲಿಕೆ ಏಣಿ (ಯಾವ ಕಾರ್ಡ್ ಆದ್ಮೇಲೆ ಯಾವುದು ಅಂತ ತೋರಿಸೋ ಚಾರ್ಟು) ನೋಡ್ಕೊಂಡು ಮುಂದಿನ ಕಾರ್ಡ್ ತಗೊಳ್ಳೋ ಮಾತೇ ಇಲ್ಲ. 3 ಅಡಿ ಎತ್ತರದ ಓಪನ್ ಶೆಲ್ಫ್ ಮಾಡ್ಸಿ, ಹಿಂಭಾಗಕ್ಕೆ ಹಲಗೆ ಹೊಡೆದು ಚಕ್ರ ಹಾಕಿದ್ರೆ ಅದೇ ಪಾರ್ಟಿಷನ್ನೂ ಆಗತ್ತೆ.

ಹೆಜ್ಜೆ 4: ಬೆಳಕು

ಬೆಳಕು ಎಡಗಡೆಯಿಂದ ಬರಬೇಕು, ಬರೆಯೋ ಕೈಯ ನೆರಳು ಪುಸ್ತಕದ ಮೇಲೆ ಬೀಳಬಾರದು ಅಂತ ಹಳೇ ರೂಲು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಾಗ ಸರಿ. ವೃತ್ತದಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ. ಹಂಗಾಗಿ ಎರಡು ಎದುರುಬದುರು ಗೋಡೆಗಳಿಂದ ಬೆಳಕು ಬರಬೇಕು, ಗಾಳಿಗೂ ಅದೇ ಸರಿ.

ಕಿಟಕಿ ತಲೆ ಎಷ್ಟು ಎತ್ತರ ಇದ್ಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಓದೋಕೆ ಆಗೋಷ್ಟು ಹಗಲ ಬೆಳಕು ಒಳಗೆ ಹೋಗತ್ತೆ. ಕಿಟಕಿ ತಲೆ ನೆಲದಿಂದ 7 ಅಡಿ ಮೇಲಿದ್ರೆ 14ರಿಂದ 17 ಅಡಿ. ಒಂದೇ ಕಡೆ ಕಿಟಕಿ ಇರೋ 20 ಅಡಿ ಕೊಠಡೀಲಿ ಆ ಕೊನೇ ಸಾಲು ಯಾವಾಗಲೂ ಮಬ್ಬು. ಲೈಟ್ ಹಾಕ್ಕೋಬಹುದಲ್ವಾ ಅಂದ್ರೆ, ಕರೆಂಟ್ ಹೋಗೋದು ಎಷ್ಟೊತ್ತಿಗೆ ಅಂತ ಊರಲ್ಲಿರೋರಿಗೇ ಗೊತ್ತು. ಫೋನಿನಲ್ಲಿ ಲಕ್ಸ್ (ಬೆಳಕಿನ ಅಳತೆ) ಅಳೆಯೋ ಆ್ಯಪ್ ಸಿಗತ್ತೆ, ಪಕ್ಕಾ ಅಳತೆ ಅಲ್ಲ ಆದ್ರೆ ಹೋಲಿಸೋಕೆ ಸಾಕು, ಮಗು ಓದೋ ಜಾಗದಲ್ಲಿ 300ರ ಸುತ್ತಮುತ್ತ ಇದ್ರೆ ಒಳ್ಳೇದು.

ಹಳೇ ಕಟ್ಟಡದಲ್ಲಿ ಕಿಟಕಿ ಅಗಲ ಮಾಡೋಕೆ ಹೋಗ್ಬೇಡಿ, ಲಿಂಟಲ್ (ಕಿಟಕಿ ಮೇಲಿನ ತೊಲೆ) ಬದಲಾಯಿಸ್ಬೇಕಾಗತ್ತೆ, ಗೋಡೆಯೇ ಭಾರ ಹೊರೋ ಕಟ್ಟಡಗಳಲ್ಲಿ ಅದು ಆಟ ಅಲ್ಲ. ಅಗಲ ಅಷ್ಟೇ ಇಟ್ಟು ಕೆಳಗಡೆ ಕೊರೆಯಿರಿ. ಲಿಂಟಲ್ ಹಾಗೇ ಉಳಿಯತ್ತೆ, ಕಿಟಕಿ ಬುಡ 3 ಅಡಿಯಿಂದ ಒಂದೂವರೆ ಅಡಿಗೆ ಇಳಿಯತ್ತೆ, ಇಂಜಿನಿಯರ್‌ಗೆ ತೋರಿಸಿಯೇ ಮಾಡಿ. ನಮ್ಮ ಹಳೇ ಕೊಠಡಿ ಸೈಜುಗಲ್ಲಿನ ದಪ್ಪ ಗೋಡೆ, ಕೊರೆದ ಜಾಗದಲ್ಲಿ ಒಂದು ಕಡಪ ಕಲ್ಲು ಹಾಸಿದ್ವಿ, ಇಬ್ಬರು ಕಾಲು ಮಡಚಿ ಕೂತ್ಕೊಳ್ಳೋ ಕಿಟಕಿ ಕಟ್ಟೆ ಆಯ್ತು. ಇವಾಗ ಅದಕ್ಕೆ ಪಾಳಿ ಇದೆ, ಸೋಮವಾರ ಯಾರು, ಮಂಗಳವಾರ ಯಾರು ಅಂತ ಮಕ್ಕಳೇ ಗೋಡೆ ಮೇಲೆ ಬರ್ಕೊಂಡಿದ್ದಾರೆ.

ಬಿಸಿಲ ವಿಷಯ. ಕೊಠಡಿಯ ಉದ್ದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿರಲಿ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿದಾಗಲೂ ಸುಮಾರು 53 ಡಿಗ್ರಿ ಎತ್ತರದಲ್ಲಿರ್ತಾನೆ, 2 ಅಡಿ ಸಜ್ಜಾ ಹಾಕಿದ್ರೆ ಅದರ ಕೆಳಗೆ ಎರಡೂಮುಕ್ಕಾಲು ಅಡಿಯಷ್ಟು ನೆರಳು ಸಿಗತ್ತೆ. ಪಶ್ಚಿಮಕ್ಕೆ ಸಜ್ಜಾ ಹಾಕಿದ್ರೆ ದುಡ್ಡು ದಂಡ, ಮೂರು ಗಂಟೆ ಮೇಲೆ ಬಿಸಿಲು ಅಡ್ಡಕ್ಕೆ ಒಳಗೆ ನುಗ್ಗತ್ತೆ, ಅಲ್ಲಿ ಜಗಲಿ ಇಲ್ಲವೇ ಹೊಂಗೆ ಮರ ಬೇಕು. ಸ್ಮಾರ್ಟ್ ಕ್ಲಾಸ್ ಟಿವಿ ಕೊಟ್ಟಿದ್ರೆ ಕಿಟಕಿ ಎದುರಿನ ಗೋಡೆಗೆ ತೂಗು ಹಾಕ್ಬೇಡಿ. ನಾನು ನೋಡಿದ ಒಂದು ಶಾಲೇಲಿ ಅದನ್ನ ನೋಡೋಕೆ ಎರಡು ಬೆಡ್‌ಶೀಟ್ ಕಟ್ಟಿದ್ರು.

ಹೆಜ್ಜೆ 5: ಸದ್ದು, ಯಾರೂ ತಲೆಕೆಡಿಸ್ಕೊಳ್ಳದ ವಿಷಯ

ಖಾಲಿ ಕೊಠಡಿ ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ. ಟಪ್ ಅಂತ ನಿಂತ್ರೆ ಸರಿ, ಟಣ್‌ಣ್‌ಣ್ ಅಂತ ಎಳೆದ್ರೆ ಅಲ್ಲಿ ಐದು ಗುಂಪು ಒಟ್ಟಿಗೆ ಮಾತಾಡೋಕೆ ಆಗಲ್ಲ. ತರಗತಿ ಕೊಠಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 0.6 ಸೆಕೆಂಡಿನ ಆಸುಪಾಸಲ್ಲಿ ಪ್ರತಿಧ್ವನಿ ಅಡಗಬೇಕು, ಪಾಠದ ಹೊತ್ತಲ್ಲಿ ಕೊಠಡಿ ಒಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಅಂತ. ನಮ್ಮ ಆರ್‌ಸಿಸಿ ತಾರಸಿ, ಬೋಳು ಪ್ಲಾಸ್ಟರ್ ಗೋಡೆ, ಟೈಲ್ಸ್ ನೆಲ, ಕಬ್ಬಿಣದ ಬೀರು, ಈ ನಾಲ್ಕೂ ಸೇರಿದ್ರೆ ಅದು ಗುಡಿಯ ಗರ್ಭಗೃಹ, ಮಂತ್ರಕ್ಕೆ ಚೆನ್ನ, ಪಾಠಕ್ಕಲ್ಲ. ಮಕ್ಕಳು ಜೋರಾಗಿ ಮಾತಾಡ್ತಾರೆ, ಟೀಚರ್ ಅದಕ್ಕಿಂತ ಜೋರು, ಮಕ್ಕಳು ಇನ್ನೂ ಜೋರು. ಸಾಯಂಕಾಲಕ್ಕೆ ನಮ್ಮ ಟೀಚರ್ ಗಂಟಲು ಕೂತೋಗಿರತ್ತೆ, ಅದು ಅವರ ತಪ್ಪಲ್ಲ, ತಾರಸಿದು.

1960-70ರ ದಶಕದಲ್ಲಿ ಅಮೆರಿಕದಲ್ಲಿ ಗೋಡೆಗಳೇ ಬೇಡ ಅಂತ ಓಪನ್ ಪ್ಲಾನ್ ಶಾಲೆ ಕಟ್ಟಿದ್ರು, ದೊಡ್ಡ ದೊಡ್ಡ ಹಾಲ್‌ಗಳು. ಸದ್ದು ತಡೆಯೋಕಾಗದೆ ಎಷ್ಟೋ ಕಡೆ ಬೀರು, ಪಾರ್ಟಿಷನ್ ಅಡ್ಡ ಇಟ್ಕೊಂಡು ಕೊನೆಗೆ ಗೋಡೆ ಕಟ್ಕೊಂಡ್ರು. ಇವಾಗ ಇಲ್ಲಿ ಕೆಲವು ಪ್ರೈವೇಟ್ ಶಾಲೆಗಳು ಗಾಜಿನ ಗೋಡೆ, ಓಪನ್ ಹಾಲ್ ಅಂತ ಬ್ರೋಷರ್ ಹೊಡೆಸ್ತಿವೆ, ನನಗೆ ಅದನ್ನ ನೋಡಿದಾಗೆಲ್ಲ ಮೊದಲು ಚಪ್ಪಾಳೆ ತಟ್ಟಿ ನೋಡೋಣ ಅನ್ಸತ್ತೆ.

ಉಪಾಯ ದುಬಾರಿ ಅಲ್ಲ. 4 ಅಡಿಯವರೆಗೆ ಕರಿಹಲಗೆ ಇದೆಯಲ್ಲ, ಅದರ ಮೇಲಿನ ಗೋಡೆಗೆ ಮರದ ರೀಪರ್ ಹೊಡೆದು, ಒಂದಿಂಚು ದಪ್ಪದ ನಾರಿನ ಮ್ಯಾಟ್ ತುಂಬಿ ಕಾಟನ್ ಬಟ್ಟೆ ಬಿಗಿದ್ರೆ ಪಿನ್‌ಬೋರ್ಡೂ ಆಯ್ತು, ಸದ್ದು ಹೀರೋಕೂ ಆಯ್ತು. ಎರಡು ಗೋಡೆಗೆ ಮಾಡಿದ್ರೂ ವ್ಯತ್ಯಾಸ ಕಿವಿಗೆ ಗೊತ್ತಾಗತ್ತೆ. ಯೂಟ್ಯೂಬಲ್ಲಿ ಮೊಟ್ಟೆ ಟ್ರೇ ಅಂಟಿಸಿ ಅಂತಾರೆ, ಅದು ಬರೀ ಕೀಚಲು ಸದ್ದನ್ನ ಒಂಚೂರು ಹೀರತ್ತೆ, ಮಾತಿನ ಗುಂಯ್‌ಗುಡುವಿಕೆ ಹಾಗೇ ಇರತ್ತೆ, ಮೇಲಿಂದ ಬೆಂಕಿ ಹತ್ತಿದ್ರೆ ಕಾಗದ. ನಾರಿನ ಮ್ಯಾಟೂ ಸ್ವಿಚ್‌ಬೋರ್ಡ್, ವೈರಿಂಗ್ ಹತ್ರ ಬೇಡ, ಬಾಗಿಲ ಸುತ್ತಲೂ ಬೇಡ.

ಶೀಟ್ ಹಾಕಿದ ಕೊಠಡಿ ಇದ್ರೆ ಮಳೆಗಾಲದಲ್ಲಿ ಪಾಠ ನಿಂತೇ ಹೋಗತ್ತೆ. ಶೀಟ್ ಕೆಳಗೆ ಗಾಳಿ ಆಡೋಷ್ಟು ಜಾಗ ಬಿಟ್ಟು ಸೀಲಿಂಗ್ ಬೋರ್ಡ್ ಕೊಡಿ, ಬೇಸಿಗೆ ಕಾವೂ ಕಮ್ಮಿ ಆಗತ್ತೆ. ಹಳೇ ಕಲ್ನಾರಿನ ಶೀಟ್ ಆಗಿದ್ರೆ ಕೊರೆಯೋದು ಒಡೆಯೋದು ಮಾಡಿಸ್ಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ, ರಜಾ ದಿನ ನೀರು ಹೊಡೆದು ಇಡೀ ಶೀಟನ್ನ ಬೋಲ್ಟ್ ಬಿಚ್ಚಿ ಇಳಿಸಬೇಕು. ಕರಾವಳಿ ಮಲೆನಾಡಿನವರು ಹಂಚಿನ ಮಾಡು ಇರೋ ಹಳೇ ಶಾಲೆನ "ಹಳೇದಾಯ್ತು" ಅಂತ ಕೆಡವೋ ಮುಂಚೆ ಒಂದ್ಸಲ ಒಳಗೆ ಚಪ್ಪಾಳೆ ತಟ್ಟಿ ನೋಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಆ ಹಂಚಿನ ಇಳಿಜಾರು ಮಾಡು, ಸಂದುಗಳು, ಮರದ ಪಕಾಸಿ ಎಲ್ಲಾ ಸೇರಿ ಸದ್ದನ್ನ ಒಡೆದು ಹಾಕತ್ತೆ, ಬಿಸಿಗಾಳೀನೂ ಹೊರಗೆ ಬಿಡತ್ತೆ.

ಹೆಜ್ಜೆ 6: ಜಗಲೀನ ಕೊಠಡಿ ಅಂತ ಲೆಕ್ಕ ಹಾಕಿ

ನಮ್ಮ ಹಳೇ ಕೂಲಿಮಠಗಳು ನಡೀತಿದ್ದಿದ್ದೇ ಯಾರದ್ದೋ ಮನೆ ಜಗಲಿ, ಗುಡಿ ಅಂಗಳದಲ್ಲಿ. ಮರಳ ಮೇಲೆ ಬೆರಳಲ್ಲಿ ಬರೆಯೋದು, ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡೋದು. 1790ರ ಸುಮಾರಿಗೆ ಮದ್ರಾಸಿನ ಎಗ್ಮೋರಲ್ಲಿ ಅನಾಥಾಲಯ ನೋಡ್ಕೋತಿದ್ದ ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ ಇಂಥ ಒಂದು ಶಾಲೆ ನೋಡಿ ಅದನ್ನೇ ತನ್ನಲ್ಲಿ ಮಾಡಿದ, ಆಮೇಲೆ ಇಂಗ್ಲೆಂಡಿಗೆ ಹೋಗಿ ಮದ್ರಾಸ್ ಪದ್ಧತಿ ಅಂತ ಹರಡಿದ. ಜಗಲಿ ಕಲಿಕೆ ಅಲ್ಲಿಗೆ ಹೋಯ್ತು, ವಾಪಸ್ ಬರುವಾಗ ಸಾಲು ಬೆಂಚು ಬಂತು. ನಮ್ಮ ಮೂರನೇ ಕ್ಲಾಸ್ ಹುಡುಗಿಗೆ ಇದ್ಯಾವುದೂ ಗೊತ್ತಿಲ್ಲ, ಅವಳು ಮಾಡ್ತಿದ್ದಿದ್ದು ಅದನ್ನೇ.

ಮಾಡ್ಬೇಕಾಗಿದ್ದು ಇಷ್ಟು. ಜಗಲಿ ಅಗಲ 4 ಅಡಿ ಇದ್ರೆ ಅದು ಬರೀ ದಾರಿ, 7-8 ಅಡಿ ಇದ್ರೆ ಒಂದು ವೃತ್ತ ಕೂತ್ಕೋಬಹುದು. ಎಸ್ಟಿಮೇಟಲ್ಲಿ ಜಾಗ ಹೆಚ್ಚಿಸೋಕೆ ಒಪ್ಪಲ್ಲ ಅಂದ್ರೆ ಕೊಠಡಿಯಿಂದ 2 ಅಡಿ ಕಿತ್ತು ಜಗಲಿಗೆ ಕೊಡಿ ಅಂತ ಕೂಡ ನಾನು ವಾದ ಮಾಡಿದೀನಿ. ಕಂಬಗಳ ಮಧ್ಯ ಒಂದಡಿ ಎತ್ತರದ ಕಟ್ಟೆ ಹಾಕಿ, ಮೂಲೆಗಳನ್ನ ಗುಂಡಗೆ ಮಾಡ್ಸಿ (ನಮ್ಮ ಮೇಸ್ತ್ರಿ ಚೂಪು ಬಿಟ್ಟಿದ್ದ, ಮೊದಲ ವಾರವೇ ಒಬ್ಬನ ಹುಬ್ಬಿಗೆ ಎರಡು ಹೊಲಿಗೆ). ಕೊಠಡಿ ಮತ್ತು ಜಗಲಿ ಮಧ್ಯದ ಗೋಡೇಲಿ ಟೀಚರ್ ಕಣ್ಣಿಗೆ ಕಾಣೋ ಹಾಗೆ ಕಿಟಕಿ ಇರ್ಲೇಬೇಕು. ಹೊರಗೆ ಕೂತ ಗುಂಪು ಕಾಣಲ್ಲ ಅಂದ್ರೆ ಯಾವ ಟೀಚರ್ರೂ ಹೊರಗೆ ಕಳ್ಸಲ್ಲ, ಎರಡು ತಿಂಗಳಲ್ಲಿ ಅಲ್ಲಿ ಮುರಿದ ಬೆಂಚು, ಅಕ್ಕಿ ಚೀಲ ಬಂದು ಕೂತಿರತ್ತೆ.

ಮೂಲೆಗಳ ಬಗ್ಗೆ ಹೇಳೋದಾದ್ರೆ ನೆದರ್ಲೆಂಡ್ಸಿನ ಡೆಲ್ಫ್ಟ್ ಊರಲ್ಲಿ ಹರ್ಮನ್ ಹರ್ಟ್ಸ್‌ಬರ್ಗರ್ ಅನ್ನೋ ಆರ್ಕಿಟೆಕ್ಟ್ 1960ರ ದಶಕದಲ್ಲಿ ಕಟ್ಟಿದ ಮಾಂಟೆಸ್ಸರಿ ಶಾಲೆ ನನಗೆ ಬಹಳ ಇಷ್ಟ. ಕೊಠಡಿಗಳು ಎಲ್ ಆಕಾರ, ಟೀಚರ್ ಎಲ್ಲಿ ನಿಂತ್ರೂ ಸ್ವಲ್ಪ ಮಕ್ಕಳು ತಮ್ಮ ಪಾಡಿಗೆ ಇನ್ನೊಂದು ಕಡೆ ಇರಬಹುದು. ಕಿಂಡರ್‌ಗಾರ್ಟನ್ ಹಾಲ್‌ನಲ್ಲಿ ನೆಲಕ್ಕೆ ಚೌಕಾಕಾರದ ತಗ್ಗು, ಅದರ ತುಂಬ ಮರದ ಮಣೆಗಳು. ಮಣೆ ಎತ್ತಿ ಹೊರಗೆ ಇಟ್ರೆ ಅದು ಗುಂಡಿ, ಒಳಗೆ ಇಳಿದು ಸುತ್ತ ಕೂರಬಹುದು, ವಾಪಸ್ ಇಟ್ರೆ ಸಮ ನೆಲ. ಎಲ್ ಆಕಾರದ ಕೊಠಡಿ ನಮ್ಮ ಸರ್ಕಾರಿ ಟೈಪ್ ಡಿಸೈನಿನಲ್ಲಿ (ಎಲ್ಲಾ ಕಡೆಗೂ ಒಂದೇ ಸಿದ್ಧ ನಕ್ಷೆ) ಸಿಗಲ್ಲ, ಆದ್ರೆ ಹೇಳಿದ್ನಲ್ಲ, ಚಕ್ರದ ಶೆಲ್ಫ್ ಅಡ್ಡ ಇಟ್ರೆ ಡಬ್ಬಿ ಕೊಠಡೀನೂ ಎಲ್ ಆಗತ್ತೆ.

ಹೆಜ್ಜೆ 7: ಅಂಗಳ

ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಮರದ ಸುತ್ತ ಕಟ್ಟೆ ಕಟ್ಟುವಾಗ ಕಾಂಡಕ್ಕೆ ತಾಗಿಸಿ ಸಿಮೆಂಟ್ ಬಳಿಬೇಡಿ, 3 ಅಡಿಯಾದ್ರೂ ಮಣ್ಣು ಬಿಡಿ. ತಾರಸಿ ನೀರಿನ ಪೈಪಿನ ಒಂದು ತುಂಡು ಪಾರದರ್ಶಕ ಹಾಕಿಸಿ ಪಕ್ಕದಲ್ಲಿ ಅಳತೆ ಗೆರೆ ಎಳೀರಿ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್, ಇದೊಂದು ಗೊತ್ತಿದ್ರೆ ಆರನೇ ಕ್ಲಾಸಿನ ಮಕ್ಕಳು ಶಾಲೆ ತಾರಸಿಯ ವರ್ಷದ ನೀರಿನ ಲೆಕ್ಕ ತಾವೇ ಹಾಕ್ತಾರೆ. ಬಿಸಿಲು ಬೀಳೋ ಜಾಗದಲ್ಲಿ ಒಂದು ಗೂಟ ನೆಟ್ಟು ನೆರಳಿನ ಗುರುತು ಮಾಡ್ಸಿ. ಬೆಂಗಳೂರಿನ ಸುತ್ತಮುತ್ತ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ನೆರಳೇ ಇರಲ್ಲ, ಏಪ್ರಿಲ್ 24ರ ಆಸುಪಾಸು ಬರೋದು ಬೇಸಿಗೆ ರಜೆಗೆ ಹೋಗತ್ತೆ, ಆಗಸ್ಟ್ 18ರದ್ದು ಶಾಲೆ ಇದ್ದಾಗ ಬರತ್ತೆ, ಮೋಡ ಬಿಟ್ಕೊಟ್ರೆ.

ಹೆಜ್ಜೆ 8: ಇದನ್ನ ಮರೆತ್ರೆ ಮೇಲಿನದ್ದೆಲ್ಲಾ ಸುಮ್ನೆ

ಶೌಚಾಲಯದ ಒಳ ಚಿಲಕ ಚಿಕ್ಕ ಮಗುವಿನ ಕೈಗೆ ಎಟುಕಬೇಕು, ದೊಡ್ಡ ಹುಡುಗಿಯರಿಗೆ ಒಳಗೆ ನೀರು, ಬಟ್ಟೆ ತೂಗುಹಾಕೋ ಮೊಳೆ, ಪ್ಯಾಡ್ ಹಾಕೋ ಮುಚ್ಚಳದ ಡಬ್ಬಿ ಇರಬೇಕು. ಶಾಲೆ ಹಿಂಭಾಗದ ಕತ್ತಲ ಮೂಲೇಲಿ ಕಟ್ಟಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರ ಷೆಡ್ಯೂಲ್‌ನಲ್ಲೇ ಇದೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಅಡುಗೆಮನೆ, ಆಟದ ಮೈದಾನ, ಅಡೆತಡೆ ಇಲ್ಲದ ದಾರಿ.

ರ‍್ಯಾಂಪ್ ವಿಷಯದಲ್ಲಿ ಎಷ್ಟು ಸುಳ್ಳು ನಡೆಯತ್ತೆ ಅಂದ್ರೆ, ಗಾಲಿಕುರ್ಚಿ ಬಿಡಿ, ನಾನೇ ಕಾಲು ಜಾರಿದ ರ‍್ಯಾಂಪುಗಳಿವೆ. ಲೆಕ್ಕ 1ಕ್ಕೆ 12. ಜಗಲಿ ನೆಲದಿಂದ ಒಂದೂವರೆ ಅಡಿ ಮೇಲಿದ್ರೆ ರ‍್ಯಾಂಪ್ 18 ಅಡಿ ಉದ್ದ ಇರ್ಲೇಬೇಕು, 5 ಅಡೀಲಿ ಮುಗಿಸಿದ್ರೆ ಅದು ಜಾರುಬಂಡೆ. ಕೊಠಡಿ ಹೊಸ್ತಿಲೂ ಏಳದ ಹಾಗೆ ನೋಡ್ಕೊಳ್ಳಿ.

ಬೆಂಕಿ. 2004ರ ಜುಲೈ 16ರಂದು ಕುಂಭಕೋಣಂನ ಶಾಲೇಲಿ ಅಡುಗೆಮನೆ ಬೆಂಕಿ ಗರಿ ಮಾಡಿಗೆ ಹತ್ತಿ 94 ಮಕ್ಕಳು ಹೋದ್ರು, ಇಳಿಯೋಕೆ ಸರಿಯಾದ ದಾರಿ ಇರಲಿಲ್ಲ. ಅದರ ಮೇಲೆಯೇ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಸುರಕ್ಷತೆಗೆ ಆದೇಶ ಕೊಡ್ತು. ಹಂಗಾಗಿ ಬಿಸಿಯೂಟದ ಕೋಣೆ ತರಗತಿಗಳಿಗೆ ಅಂಟಿಕೊಂಡಿರಬಾರದು, ಸಿಲಿಂಡರ್ ಹೊರಗೆ, ಪ್ರತಿ ಕೊಠಡಿಗೂ ಎರಡನೇ ದಾರಿ. ಎರಡನೇ ಬಾಗಿಲು ಆಗಲ್ಲ ಅಂದ್ರೆ ಒಂದು ಕಿಟಕಿಯ ಗ್ರಿಲ್ಲು ಒಳಗಿಂದ ತೆಗೆಯೋ ಹಾಗೆ ಮಾಡ್ಸಿ, ಕೆಳಗೆ ಕೊರೆದ ಕಿಟಕಿ ಇಲ್ಲೂ ಉಪಯೋಗಕ್ಕೆ ಬರತ್ತೆ. ಬೀಗ ಮಾತ್ರ ಹಾಕ್ಬೇಡಿ.

ಹೆಜ್ಜೆ 9: ಕಾಗದ, ದುಡ್ಡು, ಜೆಇ ಸಾಹೇಬರು

ಎಲ್ಲಾ ಐಡಿಯಾ ಸಾಯೋದು ಇಲ್ಲಿ. ಸರ್ಕಾರಿ ಕೊಠಡಿಗೆ ಟೈಪ್ ಡಿಸೈನ್ ಇರತ್ತೆ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರೋ ನಿರ್ಮಿತಿ ಕೇಂದ್ರದವರೋ ಕಟ್ತಾರೆ. ನೀವು ಕೇಳೋ ಬದಲಾವಣೆ ಎಸ್ಟಿಮೇಟ್ ಆಗೋ ಮುಂಚೆ ಜೆಇ (ಜೂನಿಯರ್ ಇಂಜಿನಿಯರ್) ಕೈಗೆ ಸೇರಬೇಕು. ಟೆಂಡರ್ ಆದ್ಮೇಲೆ ಹೋದ್ರೆ ಅದು ಎಕ್ಸ್‌ಟ್ರಾ ಐಟಂ, ಯಾರೂ ಮುಟ್ಟಲ್ಲ. ಕಿಟಕಿ ಬುಡ ಇಳಿಸೋದು, ಬೋರ್ಡ್ ಜಾಗ ಬದಲಾಯಿಸೋದು, ಟೈಲ್ಸ್ ಬದಲು ಗಾರೆ ಇವೆಲ್ಲ ಖರ್ಚು ಏರಿಸಲ್ಲ, ಹಂಗಾಗಿ ಒಪ್ಪಿಸೋದು ಸುಲಭ. ಎಸ್‌ಡಿಎಂಸಿ ಸಭೆ ನಡಾವಳೀಲಿ ಒಂದೊಂದಾಗಿ ಬರೆಸಿ, ಪ್ರತಿಯನ್ನ ಬಿಇಒ ಆಫೀಸಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಬಾಯಿಮಾತಲ್ಲಿ "ಮಾಡೋಣ ಬಿಡಿ ಸಾರ್" ಅಂದಿದ್ದು ಯಾವತ್ತೂ ಆಗಲ್ಲ. ನಮ್ಮ ಮೊದಲ ಕೊಠಡೀಲಿ ಹಾಗೇ ಆಯ್ತು, ಕಿಟಕಿ ಮತ್ತೆ 3 ಅಡಿಗೇ ಬಂತು, ಕೇಳಿದ್ರೆ ಡ್ರಾಯಿಂಗಲ್ಲಿ ಹಂಗೇ ಇದೆ ಅಂದ್ರು. ಎರಡನೇದಕ್ಕೆ ಕಾಗದ ಹಿಡ್ಕೊಂಡು ಹೋದ್ವಿ, ಸರಿಯಾಯ್ತು.

ಕಾಂಪೌಂಡ್, ಶೌಚಾಲಯ, ಮೈದಾನದ ಕೆಲಸಗಳು ಎಷ್ಟೋ ಪಂಚಾಯ್ತಿಗಳಲ್ಲಿ ನರೇಗಾದಲ್ಲಿ ಆಗಿವೆ, ಈಗ ಯಾವ ಯೋಜನೆ, ಯಾವ ಬಾಬ್ತಿನಲ್ಲಿ ಹಾಕಬಹುದು ಅಂತ ಪಿಡಿಒ ಹತ್ರ ಕೇಳಿ. ಶೆಲ್ಫು, ನಾರಿನ ಬೋರ್ಡು, ಕರಿಹಲಗೆ ಪೇಂಟಿಗೆ ಹಳೇ ವಿದ್ಯಾರ್ಥಿಗಳನ್ನ ಹಿಡೀರಿ, ಆದ್ರೆ ಕ್ಯಾಶ್ ತಗೋಬೇಡಿ, ಎಸ್‌ಡಿಎಂಸಿ ಖಾತೆಗೇ ಹಾಕಿಸಿ. ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು ಹಾಕ್ಲೇಬೇಕು ಅಂದ್ರೆ ಕರಿಹಲಗೆ ಪಟ್ಟಿಗಿಂತ ಮೇಲೆ ಹಾಕಿ, ಕೆಳಗಿನ 4 ಅಡಿ ಮಕ್ಕಳದ್ದು.

ಹೆಜ್ಜೆ 10: ಹತ್ತನೇ ಒಂದು ಭಾಗ ದುಡ್ಡು ಉಳಿಸ್ಕೊಳ್ಳಿ

ಉದ್ಘಾಟನೆಗೆ ಎಲ್ಲಾ ಖರ್ಚು ಮಾಡ್ಬೇಡಿ. ಆರು ತಿಂಗಳಾದ್ಮೇಲೆ ಮತ್ತೆ ಅದೇ ಜೆರಾಕ್ಸ್ ನಕ್ಷೆ ಹಿಡ್ಕೊಂಡು ಒಂದು ವಾರ ಕೂತು ಚುಕ್ಕಿ ಇಡಿ. ನಮ್ಮಲ್ಲಿ ಕಿಟಕಿ ಕಟ್ಟೆ, ಜಗಲಿ ಎರಡೂ ತುಂಬಿದ್ವು. ನಾನು ಬಹಳ ಆಸೆಯಿಂದ ಮೆತ್ತನೆ ದಿಂಬು, ಬಣ್ಣದ ಪರದೆ ಎಲ್ಲಾ ಹಾಕಿ ಮಾಡಿದ ಓದುವ ಮೂಲೇಲಿ ಒಂದೇ ಒಂದು ಚುಕ್ಕಿ ಇರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಎರಡನೇ ಕ್ಲಾಸಿನವನೊಬ್ಬ "ಅಲ್ಲಿ ಕೂತ್ರೆ ಗೇಟು ಕಾಣಲ್ಲ ಅಂಕಲ್, ಅಮ್ಮ ಬಂದ್ರೆ ಗೊತ್ತಾಗಲ್ಲ" ಅಂದ. ಉಳಿಸಿದ್ದ ದುಡ್ಡಲ್ಲಿ ಆ ಮೂಲೆ ಕಿತ್ತು ಗೇಟಿನ ಕಡೆಯ ಕಿಟಕಿ ಕೆಳಗೆ ಹಾಕಿದ್ವಿ.